ಎದುರಿಗೆ ಓದಿದ ವಿಮರ್ಶೆ

ನಮ್ಮ ಪುಸ್ತಕಕ್ಕೆ ಹೆಸರಿಲ್ಲ. ಮೊದಲ ವರ್ಷ ಒಂದು ಹೆಸರು ಇಡಬೇಕೆಂದು ಯೋಚಿಸಿದ್ದೆವು. ಅಷ್ಟರಲ್ಲಿ ಓದುವವರೇ ‘ಪುಸ್ತಕ ಬಂತಾ?’ ಎಂದು ಕೇಳತೊಡಗಿದರು, ಆ ಕೆಲಸ ತಪ್ಪಿತು. ಇಪ್ಪತ್ತನಾಲ್ಕು ಪುಟ, ಅಂದರೆ ಆರು ಹಾಳೆ ಮಡಚಿದ್ದು, ಕಪ್ಪು ಬಿಳುಪು ಜೆರಾಕ್ಸ್, ನಡುವೆ ಎರಡು ಪಿನ್ನು. ಒಳಗೆ ರೆಗ್ಗೆ, ಪಂಕ್ ಮತ್ತು ನಮ್ಮ ಕಡೆಯ ಬ್ಯಾಂಡುಗಳು. ನಮ್ಮ ಕಡೆ ಎಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ. ಅದರಾಚೆಯ ಬೆಂಗಳೂರಿನ ಬಗ್ಗೆ ಬರೆಯಲು ಬೇರೆಯವರಿದ್ದಾರೆ, ಅವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಾವು ಕನ್ನಡದಲ್ಲಿ ಬರೆಯುತ್ತೇವೆ, ಚೆನ್ನಾಗಿಯೇ ಬರೆಯುತ್ತೇವೆ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ನಾವು ಎಂದರೆ ಇಬ್ಬರು. ನಾನು ವಿಜಯನಗರದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವಳು. ಹಗಲೆಲ್ಲ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು. ವಧುವಿನ ಕಡೆಯವರ ಹೆಸರು ವರನ ಕಡೆಯವರ ಹೆಸರಿಗಿಂತ ಒಂದು ಕೂದಲೆಳೆ ಸಣ್ಣ ಅಕ್ಷರದಲ್ಲಿ ಬಂದರೂ ಜಗಳವಾಗುವ ಕೆಲಸ ಅದು. ಇನ್ನೊಬ್ಬರು ಅದೇ ಮಾರ್ಕೆಟ್ ರಸ್ತೆಯಲ್ಲಿ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡುವವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮಾತು ಕಡಿಮೆ, ಮೀಸೆ ಹೆಚ್ಚು.

ಪರಿಚಯವಾದದ್ದು ಹದಿಮೂರು ವರ್ಷದ ಹಿಂದೆ, ಕೈಯಲ್ಲಿ ಹೀರೆಕಾಯಿ, ಸೊಪ್ಪಿನ ಚೀಲ ಹಿಡಿದು ಅವರ ಅಂಗಡಿ ಮುಂದೆ ಹೋಗುವಾಗ. ಒಳಗಿನಿಂದ ಒಂದು ಹಾಡು ಬರುತ್ತಿತ್ತು. ಹಾಡು ಎನ್ನುವುದಕ್ಕಿಂತ ಅದರ ಕೆಳಗಿನ ಗುಂಗು. ನಿಂತ ನೆಲ ಅಂಗಾಲಿಗೆ ಗುದ್ದುತ್ತಿತ್ತು. ನಾನು ಹೋಗಿ ಬಾಗಿಲಲ್ಲಿ ನಿಂತೆ.

“ಏನ್ ಮೇಡಂ, ಮಿಕ್ಸಿನಾ? ಮಿಕ್ಸಿ ಮಾಡಲ್ಲ, ಪಕ್ಕದಂಗಡಿ,” ಎಂದರು ತಲೆ ಎತ್ತದೆ.

“ಮಿಕ್ಸಿ ಅಲ್ಲ ಸಾರ್. ಇದ್ಯಾವ ಸಾಂಗು?”

ಆಗ ತಲೆ ಎತ್ತಿದರು. ಒಂದು ಸ್ಟೂಲು ಎಳೆದು ಹಾಕಿದರು. ರೆಗ್ಗೆ ಎಂದರೇನೆಂದು ಅವರು ಹೇಳಿಕೊಟ್ಟ ಹಾಗೆ ಇವತ್ತಿಗೂ ಯಾರೂ ಹೇಳಿಲ್ಲ. “ಎಲ್ಲಾ ಮ್ಯೂಸಿಕ್ಕಲ್ಲೂ ಈ ನೆಲ ಗುದ್ದೋ ಬೇಸು ಹಿಂದಿರುತ್ತೆ ಮೇಡಂ, ಇದ್ರಲ್ಲಿ ಮುಂದಿರುತ್ತೆ. ಗಿಟಾರು ತಾಳದ ಮೇಲೆ ಬೀಳಲ್ಲ, ಸಂದೀಲಿ ನುಗ್ಗುತ್ತೆ. ಅವಸರ ಇಲ್ಲ.” ನನಗೆ ಅವಸರವಿತ್ತು, ಸ್ವಭಾವದಲ್ಲೇ. ನಾನು ಪಂಕ್ ಕೇಳುವವಳು. ಎರಡೇ ನಿಮಿಷದಲ್ಲಿ ಸಿಟ್ಟನ್ನೆಲ್ಲ ಹೇಳಿ ಎದ್ದು ಹೋಗುವ ಸಂಗೀತ ಅದು. ಲಗ್ನಪತ್ರಿಕೆಯ ಪ್ರೂಫು ಹನ್ನೊಂದನೇ ಸಲ ತಿದ್ದುವವಳಿಗೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ. ಎಂಟು ದಿನದೊಳಗೆ ನಮ್ಮ ಮೊದಲ ಸಂಚಿಕೆಯ ಹಾಳೆಗಳು ಅವರ ಅಂಗಡಿಯ ಮೇಜಿನ ಮೇಲಿದ್ದವು. ರೆಗ್ಗೆಯ ಪುಟ ಅವರದು, ಪಂಕ್‌ನ ಪುಟ ಮತ್ತು ಕಂಪೋಸ್ ನನ್ನದು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಹಾಳೆ ಮಡಚುವುದು ಅವರು, ಪಿನ್ನು ಹೊಡೆಯುವುದು ನಾನು. ಅವರ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಿದ್ದರು. ಆಮೇಲೆ ಟೀ ಅಂಗಡಿ, ಬೇಕರಿ, ಸಲೂನು, ಮೆಟ್ರೋ ಸ್ಟೇಷನ್ನಿನ ಹೊರಗಿನ ಹೂವಿನವರ ಹತ್ತಿರ ಕಟ್ಟುಕಟ್ಟಾಗಿ ಇಟ್ಟು ಬರುತ್ತಿದ್ದೆವು.

ಮೊದಲ ಸಂಚಿಕೆಯಲ್ಲೇ ನಾನು ಎಡವಿದೆ. ಕೆಂಗೇರಿ ಕಡೆಯ ಒಂದು ಪಂಕ್ ಬ್ಯಾಂಡಿನ ಬಗ್ಗೆ ಬರೆಯುತ್ತ ‘ಗಿಟಾರಿಗೆ ಶ್ರುತಿ ಎಂಬುದೇ ಇಲ್ಲ, ತಂತಿ ಕಟ್ಟುವುದನ್ನು ಮೊದಲು ಕಲಿಯಲಿ’ ಎಂದು ಜಾಡಿಸಿದ್ದೆ. ನಾಲ್ಕನೇ ದಿನ ಗಿಟಾರ್ ಬಾರಿಸುವ ಹುಡುಗಿ ಪ್ರೆಸ್ಸಿಗೇ ಬಂದಳು, ಬೆನ್ನಿಗೆ ಗಿಟಾರ್ ಹಾಕಿಕೊಂಡು.

“ಆಂಟಿ, ನೀವೇನಾ ಬರ್ದಿದ್ದು? ಇಲ್ ಕೇಳಿ,” ಎಂದು ಕೌಂಟರಿನ ಮೇಲೆ ಗಿಟಾರ್ ಇಟ್ಟು ಸರಿಯಾದ ಶ್ರುತಿಗೆ ತಂದು ಬಾರಿಸಿದಳು. ಆಮೇಲೆ ಎರಡು ತಂತಿ ಬೇಕೆಂದೇ ಇಳಿಸಿ ಅದೇ ಹಾಡು ಬಾರಿಸಿದಳು. ಎರಡನೆಯದು ಕೇಳಿದಾಗ ಮೈ ಜುಮ್ಮೆಂದಿತು. “ಗೊತ್ತಿಲ್ದೆ ಅಲ್ಲ ಆಂಟಿ, ಗೊತ್ತಿದ್ದೇ ಕಟ್ಟಿರೋದು. ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ.”

ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಆದರೆ ಅವಮಾನವನ್ನು ಸುಮ್ಮನೆ ಬಿಡುವವಳಲ್ಲ ನಾನು, ಅದರಿಂದ ಒಂದು ನಿಯಮ ಮಾಡಿದೆ. ಯಾರ ಬಗ್ಗೆ ಏನೇ ಬರೆದರೂ, ಅಚ್ಚಿಗೆ ಹೋಗುವ ಮೊದಲು ಬರೆದವರೇ ಹೋಗಿ ಅವರೆದುರು ನಿಂತು ಓದಬೇಕು. ಪೂರ್ತಿ, ಜೋರಾಗಿ. ನಡೆದ ಸಂಗತಿ ತಪ್ಪಿದ್ದರೆ ತಿದ್ದಬೇಕು, ಅಭಿಪ್ರಾಯದಲ್ಲಿ ಒಂದಕ್ಷರವೂ ಬದಲಾಯಿಸಬಾರದು. ಅವರು ಕೊಡುವ ಉತ್ತರವನ್ನು ಕೆಳಗೆ ಅದೇ ಗಾತ್ರದ ಅಕ್ಷರದಲ್ಲಿ ಹಾಕಬೇಕು. ಅಕ್ಷರದ ಗಾತ್ರದ ಮಹತ್ವ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಜೊತೆಗಾರರು ಇದನ್ನು ಕೇಳಿ ಒಂದೇ ಮಾತು ಹೇಳಿದರು: “ಒದೆ ತಿಂತೀರ ಮೇಡಂ.”

ಒದೆ ಯಾರೂ ಕೊಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಬೆನ್ನ ಹಿಂದೆ ಹೇಳುವವರಿಗೆ ಇರಬೇಕು. ಎದುರಿಗೆ ಓದಿದರೆ ಜನ ಕೇಳುತ್ತಾರೆ. ಮೊದಲು ಮುಖ ಕೆಂಪಾಗುತ್ತದೆ, ಆಮೇಲೆ ವಾದ ಶುರುವಾಗುತ್ತದೆ, ಕೊನೆಗೆ ಟೀ ಬರುತ್ತದೆ. ಬಸವೇಶ್ವರನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ ಮಾಡುವ ಒಂದು ಬ್ಯಾಂಡು ಇತ್ತು. ಗಿರಣಿ ಓಡುವಾಗ ಮಾತ್ರ ಬಾರಿಸಬೇಕು, ಆಗ ಅಕ್ಕಪಕ್ಕದವರಿಗೆ ಗೊತ್ತಾಗುವುದಿಲ್ಲ ಎಂಬುದು ಅವರ ಉಪಾಯ. ಅಲ್ಲಿ ವಿಮರ್ಶೆ ಓದುವಾಗ ಗಂಟಲು ಹರಿಯಿತು. ರಾಗಿ ಬೀಸಿಸಲು ಬಂದ ಹೆಂಗಸರು ಯಾರದೋ ಜಗಳ ಎಂದು ಮೆಟ್ಟಿಲು ಹತ್ತಿ ಬಂದಿದ್ದರು. ಮಲ್ಲತ್ತಹಳ್ಳಿಯಲ್ಲಿ ಒಬ್ಬ ಹಾಡುಗಾರನ ಮನೆಯಲ್ಲಿ ‘ಇವರು ಹಾಡುವುದಿಲ್ಲ, ಕಿರುಚುತ್ತಾರೆ, ಕಿರುಚುವುದಕ್ಕೂ ಒಂದು ಕಾರಣ ಬೇಕು’ ಎಂದು ಓದಿದಾಗ ಅಡುಗೆಮನೆಯಿಂದ ಅವನ ತಾಯಿ, “ಹಂಗೇ ಹೇಳಮ್ಮ, ನಾನ್ ಹೇಳಿದ್ರೆ ಕೇಳಲ್ಲ,” ಎಂದರು. ಅವನು ಬರೆದುಕೊಟ್ಟ ಉತ್ತರ ನನ್ನ ವಿಮರ್ಶೆಗಿಂತ ಉದ್ದವಿತ್ತು. ಹಾಕಿದೆವು.

ಈ ನಿಯಮದಿಂದಲೇ ಪುಸ್ತಕಕ್ಕೆ ಬೆಲೆ ಬಂತು. ಬ್ಯಾಂಡಿನವರು ನಮ್ಮನ್ನು ಕರೆಯುತ್ತಿದ್ದದ್ದು ಹೊಗಳಿಸಿಕೊಳ್ಳಲು ಅಲ್ಲ. ಮುಖ ನೋಡಿ ಮಣೆ ಹಾಕುವವರಲ್ಲ ಇವರು ಎಂಬ ನಂಬಿಕೆ ಇತ್ತು. ನನಗೂ ಆ ಹೆಮ್ಮೆ ತಲೆಗೇರಿತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಒಂದು ಶನಿವಾರ ಹಾಳೆ ಮಡಚುತ್ತ ಮಡಚುತ್ತ ನನ್ನ ಜೊತೆಗಾರರು ಹೇಳಿದರು: “ಮೇಡಂ, ನಾನೂ ಒಂದು ಬ್ಯಾಂಡ್ ಮಾಡಿದೀನಿ.”

ನಾನು ತಮಾಷೆ ಎಂದುಕೊಂಡೆ. ಅಲ್ಲ. ಮೂರು ಜನ. ಬೇಸ್ ಮತ್ತು ಹಾಡು ಇವರದು, ಡ್ರಮ್ಸಿಗೆ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನ ಒಬ್ಬರು, ಕೀಬೋರ್ಡಿಗೆ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಬಾರಿಸುವ ಒಬ್ಬರು. ಆರು ತಿಂಗಳಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ನಡೆದಿತ್ತು, ನನಗೆ ಸುಳಿವು ಕೊಟ್ಟಿರಲಿಲ್ಲ. ಐವತ್ತು ದಾಟಿದ ಮನುಷ್ಯ, ಬದುಕೆಲ್ಲ ಬೇರೆಯವರ ಸ್ಪೀಕರ್ ರಿಪೇರಿ ಮಾಡಿದವರು, ಈಗ ತಮ್ಮದೇ ಸ್ಪೀಕರಿನ ಮುಂದೆ ನಿಲ್ಲುತ್ತೇನೆ ಎನ್ನುತ್ತಿದ್ದರು. ಹೇಳುವಾಗ ಮಡಚಿದ ಹಾಳೆಯನ್ನೇ ಮತ್ತೆ ಮಡಚುತ್ತಿದ್ದರು.

ಕಾರ್ಯಕ್ರಮ ಬಿನ್ನಿಪೇಟೆಯ ಒಂದು ಸಮುದಾಯ ಭವನದಲ್ಲಿ, ಭಾನುವಾರ ಮಧ್ಯಾಹ್ನ. ನಮ್ಮ ಓದುಗರೇ ಅರವತ್ತು ಎಪ್ಪತ್ತು ಜನ ಬಂದಿದ್ದರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಹೆಂಡತಿ, ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನಾನು ಎಂದಿನಂತೆ ಕೊನೆಯಲ್ಲಿ ಗೋಡೆಗೆ ಒರಗಿ, ನೋಟ್‌ಬುಕ್ ತೆಗೆದು ನಿಂತೆ.

ಅವರ ಬೇಸ್ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ, ಅದು ಹಾಗೇ ಆಯಿತು. ಮೊದಲ ಸುತ್ತಿಗೇ ಕಿಟಕಿಯ ಗಾಜುಗಳು ಗುಂಯ್ ಎಂದವು. ಆದರೆ ಬಾಯಿ ತೆರೆದರು ನೋಡಿ, ನಾನು ಬರೆಯುತ್ತಿದ್ದ ಸಾಲನ್ನು ಅಲ್ಲೇ ನಿಲ್ಲಿಸಿದೆ. ವಿಜಯನಗರದ ಆ ಮನುಷ್ಯ ಇಂಗ್ಲಿಷಿನಲ್ಲಿ, ಅದೂ ರೆಗ್ಗೆ ಹುಟ್ಟಿದ ದೂರದ ದ್ವೀಪದವರ ಉಚ್ಚಾರದಲ್ಲಿ, ಹಡಗು, ಸಮುದ್ರ, ಕಬ್ಬಿನ ಗದ್ದೆಯಲ್ಲಿ ಗುಲಾಮರಿಗೆ ಬಿದ್ದ ಚಾವಟಿ ಏಟಿನ ಬಗ್ಗೆ ಹಾಡುತ್ತಿದ್ದರು. ಎಲ್ಲ ತಾವೇ ಕಟ್ಟಿದ ಹಾಡುಗಳು. ಅವರು ಕಂಡ ಅತಿ ದೊಡ್ಡ ನೀರು ಕೆ.ಆರ್.ಎಸ್. ಅಣೆಕಟ್ಟಿನದು. ಬೇರೆಯವರು ಹೀಗೆ ಮಾಡಿದಾಗ ಇದೇ ಮನುಷ್ಯ ರೆಗ್ಗೆ ಪುಟದಲ್ಲಿ ‘ಬೇರೆಯವರ ನೋವನ್ನು ಹಾಕಿಕೊಂಡು ಓಡಾಡಬೇಡಿ, ಅಳತೆ ಕೂರುವುದಿಲ್ಲ’ ಎಂದು ಬರೆದಿದ್ದರು.

ಜನ ಚಪ್ಪಾಳೆ ತಟ್ಟಿದರು. ಇವರು ನಕ್ಕರು. ಹದಿಮೂರು ವರ್ಷದಲ್ಲಿ ಅವರ ಹಲ್ಲು ಅಷ್ಟು ಹೊತ್ತು ಕಂಡದ್ದು ಅವತ್ತೇ. ಹೊರಡುವಾಗ “ಪುಸ್ತಕದಲ್ಲಿ ನೋಡ್ತೀನಿ ಬಿಡಿ ಮೇಡಂ,” ಎಂದರಷ್ಟೇ.

ಮೂರು ದಿನ ನನಗೆ ಊಟ ರುಚಿಸಲಿಲ್ಲ. ನನಗೆ ಭಯವಾಗಿತ್ತು. ನಿಜ ಬರೆದರೆ ಅವರು ನೊಂದುಕೊಂಡು ಪುಸ್ತಕ ಬಿಡಬಹುದು. ಅವರು ಬಿಟ್ಟರೆ ಪುಸ್ತಕವಿಲ್ಲ, ನನಗೆ ಶನಿವಾರವೂ ಇಲ್ಲ. ಅವರಂಥ ಇನ್ನೊಬ್ಬ ಗೆಳೆಯ ಈ ವಯಸ್ಸಿನಲ್ಲಿ ಎಲ್ಲಿ ಸಿಗುತ್ತಾನೆ? ನಾಲ್ಕನೇ ದಿನ ಕುಳಿತು ಒಂದೇ ಉಸಿರಿನಲ್ಲಿ ಬೆಣ್ಣೆ ಹಚ್ಚಿ ಬರೆದೆ. ‘ಆಳವಾದ ನಾದ’, ‘ಹೃದಯದಿಂದ ಬಂದ ಪದ’, ‘ನಮ್ಮ ಕಡೆಯ ಹೆಮ್ಮೆ’. ಅಂತಹ ಪದಗಳನ್ನು ಬೇರೆಯವರು ಬರೆದು ತಂದರೆ ನಾನು ಕೆಂಪು ಪೆನ್ನು ತೆಗೆದುಕೊಳ್ಳುತ್ತಿದ್ದೆ. ನಿಯಮವನ್ನೂ ಪಾಲಿಸಿದೆ. ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಕೂರದೆ ನಿಂತು, ಪೂರ್ತಿ ಓದಿದೆ.

ಅವರು ಒಂದು ಆಂಪ್ಲಿಫೈಯರ್ ಬಿಚ್ಚಿ ಹಾಕಿಕೊಂಡು ಕೂತಿದ್ದರು. ನಾನು ಓದಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

“ಮುಗೀತಾ?”

“ಮುಗೀತು.”

ಎದ್ದು ಹೋಗಿ ಕಪಾಟಿನಿಂದ ಮೊದಲ ಸಂಚಿಕೆ ತಂದರು. ಕೆಂಗೇರಿಯ ಬ್ಯಾಂಡಿನ ಪುಟ ತೆಗೆದು ನನ್ನ ಮುಂದೆ ಇಟ್ಟರು.

“ಇದ್ರಲ್ಲಿ ತಪ್ಪು ಬರ್ದಿದ್ರಿ. ಆದ್ರೂ ಈ ಹುಡ್ಗೀರ್ದು ನಿಜವಾದ ಬ್ಯಾಂಡು ಅಂತ ಲೆಕ್ಕಕ್ಕೆ ತಗೊಂಡು ಬರ್ದಿದ್ರಿ. ಮಲ್ಲತ್ತಹಳ್ಳಿಯವನ್ನ ಅವರಮ್ಮನ ಮುಂದೆ ಕಿರುಚ್ತಾನೆ ಅಂದ್ರಿ. ನನಗೆ ಮಾತ್ರ ಏನ್ ಮೇಡಂ ಇದು? ಲಗ್ನಪತ್ರಿಕೆನಾ?”

ನಾನು ಏನೋ ಹೇಳಹೋದೆ. ಅವರು ಬಿಡಲಿಲ್ಲ.

“ನೀವು ಕೆಟ್ಟದಾಗಿ ಬರ್ದಿದ್ರೆ ಬೇಜಾರಾಗ್ತಿತ್ತು, ಎಂಟು ದಿನ. ಇದು ಹಂಗಲ್ಲ. ಇವ್ನಿಗೆ ನಿಜ ಹೇಳೋಷ್ಟು ದೊಡ್ಡ ಬ್ಯಾಂಡ್ ಅಲ್ಲ ಇದು, ವಯಸ್ಸಾದೋನು, ಪಾಪ, ಆಡ್ಕೊಳ್ಲಿ ಅಂತ ಬರ್ದಿದೀರ. ನಮ್ಮ ಪುಸ್ತಕದಿಂದ ನನ್ನೇ ಹೊರಗಿಟ್ಬಿಟ್ರಿ.”

ಅವರ ದನಿ ಏರಿರಲಿಲ್ಲ. ಅದಕ್ಕೇ ನನಗೆ ಅಳು ಬಂತು. ಹದಿಮೂರು ವರ್ಷದಿಂದ ನೇರಮಾತಿನವಳು ಎಂದು ಬೆನ್ನು ತಟ್ಟಿಕೊಂಡವಳು ಯಾರ ಎದುರು ನೇರವಾಗಿ ಮಾತಾಡಲೇಬೇಕಿತ್ತೋ ಅವರ ಎದುರೇ ಸುಳ್ಳು ಓದಿದ್ದೆ. ಹಾಳೆ ಹರಿದು ಹಾಕಿದೆ. ಅಲ್ಲೇ ನಿಂತು, ಬರೆಯದೆಯೇ, ಬಾಯಲ್ಲಿ ಹೇಳಿದೆ.

“ಬೇಸ್ ಬಾರಿಸೋ ಬೆರಳು ವಿಜಯನಗರದ್ದು ಸಾರ್. ಹಾಡೋ ಬಾಯಿ ಯಾವೂರ್ದೋ ಗೊತ್ತಾಗ್ಲಿಲ್ಲ. ನೀವು ಸಮುದ್ರ ಅಂದಾಗ ನಂಗೆ ನೀರೇ ಕಾಣ್ಲಿಲ್ಲ. ಬೇರೆಯವರಿಗೆ ಏನ್ ಮಾಡ್ಬೇಡಿ ಅಂತ ಬರ್ದ್ರೋ ಅದನ್ನೇ ನೀವು ಮಾಡಿದ್ರಿ. ಕೀಬೋರ್ಡು ಜಾಸ್ತಿ ಆಯ್ತು. ಮೂರನೇ ಹಾಡು, ಆ ಮಾತೇ ಇಲ್ದೆ ಬರೀ ಬಾರ್ಸಿದ್ದು, ನಾಲ್ಕು ಸುತ್ತು ಹೆಚ್ಚಾಯ್ತು. ಎಲ್ಲಿ ನಿಲ್ಸ್‌ಬೇಕು ಅಂತ ನಿಮಗೆ ಗೊತ್ತಾಗ್ಲಿಲ್ಲ.”

ಅವರು ಪೂರ್ತಿ ಕೇಳಿಸಿಕೊಂಡರು. ಸೋಲ್ಡರಿಂಗ್ ಐರನ್ ಪ್ಲಗ್ಗು ಕಿತ್ತರು. “ಇದನ್ನ ಬರೀರಿ,” ಎಂದು ಹೇಳಿ, ಅಂಗಡಿಯಲ್ಲಿ ನನ್ನೊಬ್ಬಳನ್ನೇ ಬಿಟ್ಟು ಟೀ ಕುಡಿಯಲು ಹೋದರು. ನನ್ನನ್ನು ಕರೆಯದೆ ಅವರು ಟೀಗೆ ಹೋದದ್ದು ಅದೇ ಮೊದಲು.

ಬರೆದೆ. ಹೇಳಿದ ಹಾಗೇ ಬರೆದು, ಕೆಳಗೆ ಅಷ್ಟೇ ಜಾಗ ಅವರ ಉತ್ತರಕ್ಕೆ ಖಾಲಿ ಬಿಟ್ಟೆ. ಆ ಶನಿವಾರ ಅವರ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಮುಂದಿನ ಶನಿವಾರವೂ ಹಾಕಿತ್ತು. ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿ, “ಏನೋ ಬರೀತಾ ಕೂತಿದಾರೆ ಅಕ್ಕ, ಊಟಕ್ ಕರೆದ್ರೂ ಬರ್ತಿಲ್ಲ,” ಎಂದರು. ಬೈದು ಬರೆಯುತ್ತಿದ್ದಾರೆ ಎಂದುಕೊಂಡೆ. ಬೈಯಲಿ, ಉತ್ತರ ಬಂದರೆ ಸಾಕು ಎನಿಸಿತು. ಟೀ ಅಂಗಡಿಯವರು ‘ಪುಸ್ತಕ ಯಾಕ್ ಬಂದಿಲ್ಲ ಮೇಡಂ?’ ಎಂದು ಕೇಳತೊಡಗಿದ್ದರು. ಖಾಲಿ ಜಾಗ ಬಿಟ್ಟೇ ಅಚ್ಚು ಹಾಕೋಣವೇ ಎಂದು ಒಂದು ಗಳಿಗೆ ಅನಿಸಿದ್ದೂ ಉಂಟು. ಆದರೆ ಆ ಖಾಲಿ ಜಾಗವನ್ನು ನೋಡುವ ಧೈರ್ಯ ನನಗೇ ಇರಲಿಲ್ಲ.

ಅವರು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ನೇರ ಪ್ರೆಸ್ಸಿಗೆ. ಮಗಳ ಲಗ್ನಪತ್ರಿಕೆಯ ಪ್ರೂಫು ನೋಡಲು ಬಂದಿದ್ದ ಒಬ್ಬ ಯಜಮಾನರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇವರು ಯಾರನ್ನೂ ಲೆಕ್ಕಿಸದೆ ಜೇಬಿನಿಂದ ಹಾಳೆ ತೆಗೆದರು.

“ನಿಯಮ ಎಲ್ಲರಿಗೂ ಒಂದೇ ಮೇಡಂ. ನಾನೂ ನಿಮ್ ಬಗ್ಗೆ ಬರ್ದಿದೀನಿ, ಅದಕ್ಕೆ ಎದುರಿಗೆ ಓದ್ತೀನಿ,” ಎಂದರು. ಕನ್ನಡಕ ಏರಿಸಿಕೊಂಡು, ಶಾಲೆಯ ಹುಡುಗನಂತೆ ನೆಟ್ಟಗೆ ನಿಂತು ಓದಿದರು:

“‘ಬಾಯಿಯ ವಿಷಯ ಒಪ್ಪುತ್ತೇನೆ. ಇಪ್ಪತ್ತೈದು ವರ್ಷ ಕೇಳಿದ್ದು ಹಾಗೇ ಬಾಯಿಗೆ ಬಂತು. ಈಗ ನನ್ನ ಅಂಗಡಿಯ ಬಗ್ಗೆ ಒಂದು ಹಾಡು ಕಟ್ಟುತ್ತಿದ್ದೇನೆ, ಇನ್ನೂ ಆಗಿಲ್ಲ. ಕೀಬೋರ್ಡಿನ ವಿಷಯ ಒಪ್ಪುವುದಿಲ್ಲ. ಮೂರನೇ ಹಾಡಿನ ವಿಷಯದಲ್ಲಿ ನಡೆದ ಸಂಗತಿಯೇ ಬಿಟ್ಟುಹೋಗಿದೆ. ಆ ಹಾಡು ಶುರುವಾದ ಮೇಲೆ ವಿಮರ್ಶೆ ಬರೆದವರು ನೋಟ್‌ಬುಕ್ ಬ್ಯಾಗಿಗೆ ಹಾಕಿದರು. ಚಪ್ಪಲಿ ಬಿಟ್ಟರು. ಗೋಡೆಯ ಪಕ್ಕ ಕುಣಿದರು. ಅವರು ಕಣ್ಣು ಮುಚ್ಚಿಕೊಂಡಿದ್ದರಿಂದ ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ. ಹದಿಮೂರು ವರ್ಷದಲ್ಲಿ ಅವರು ಯಾವ ಬ್ಯಾಂಡಿಗೂ ಕುಣಿದವರಲ್ಲ. ಹಾಡು ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ನಿಲ್ಲಿಸಿದರೆ ಅವರು ನಿಲ್ಲುತ್ತಾರಲ್ಲ ಎಂದು ಇನ್ನೂ ನಾಲ್ಕು ಸುತ್ತು ಬಾರಿಸಿದೆ.’”

ಇದನ್ನು ನಾನು ವಿಮರ್ಶೆಯಲ್ಲಿ ಬರೆದಿರಲಿಲ್ಲ. ಇಲ್ಲಿಯವರೆಗೆ ನಿಮಗೂ ಹೇಳಿರಲಿಲ್ಲ. ಗೋಡೆಗೆ ಒರಗಿ ನೋಟ್‌ಬುಕ್ ಹಿಡಿದು ನಿಲ್ಲುವವಳು ಎಂದೇ ನನ್ನನ್ನು ಎಲ್ಲರೂ ಬಲ್ಲರು, ನಾನೂ ಹಾಗೇ ಬಲ್ಲೆ. ಅವತ್ತು ಕಣ್ಣು ಬಿಟ್ಟಾಗ ಹಾಡು ಇನ್ನೂ ನಡೆಯುತ್ತಿತ್ತು, ನಾನು ಬರಿಗಾಲಲ್ಲಿ ನಿಂತಿದ್ದೆ. ಆ ನಾಚಿಕೆಗೇ ಹಾಡು ಉದ್ದವಾಯಿತು ಎಂದು ಬರೆದುಬಿಟ್ಟಿದ್ದೆ.

ಇವರು ಹಾಳೆ ಕೆಳಗಿಳಿಸಿ ನನ್ನ ಮುಖ ನೋಡಿದರು. “ಸಂಗತಿ ತಪ್ಪಿದ್ರೆ ಹೇಳಿ, ತಿದ್ಕೊಡ್ತೀನಿ.”

ಲಗ್ನಪತ್ರಿಕೆಯ ಯಜಮಾನರಿಗೆ ತಡೆಯಲಾಗಲಿಲ್ಲ. ಪ್ರೂಫು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಬಾಗಿ, “ಯಾರ್ ಮೇಡಂ ಹಂಗೆ ಕುಣ್ದಿದ್ದು?” ಎಂದು ಕೇಳಿದರು.

“ನಾನೇ ಸಾರ್,” ಎಂದೆ, ಎಲ್ಲರಿಗೂ ಕೇಳುವಂತೆ. ಜೊತೆಗಾರರ ಕೈಯಿಂದ ಹಾಳೆ ತೆಗೆದುಕೊಂಡು ಕಂಪೋಸ್ ಮಾಡಲು ಕುಳಿತೆ.